ರಾಯಚೂರಿನ ಮಾಗಿಯಲ್ಲಿ ಕಚೇರಿಗೆ ಏನು ಉಡಬೇಕು?

ಪ್ರಶ್ನೆ: ನಾನು ಮಾನ್ವಿಯವಳು, ರಾಯಚೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟಾಗ ಚಳಿ, ಶಾಖೆಯಲ್ಲಿ ನನ್ನ ಕುರ್ಚಿ ಏಸಿಯ ಕೆಳಗೇ ಇದೆ, ಮಧ್ಯಾಹ್ನ ಊಟಕ್ಕೆ ಹೊರಬಂದರೆ ಬೆವರು. ವಾರದಲ್ಲಿ ಎರಡು ದಿನ ಸೀರೆ ಉಡುತ್ತೇನೆ, ಉಳಿದ ದಿನ ಕುರ್ತಾ. ಚಳಿಗಾಲದ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂದು ವಿಡಿಯೊಗಳಲ್ಲಿ ಉಣ್ಣೆಯ ಉದ್ದ ಕೋಟು, ಕತ್ತು ಮುಚ್ಚುವ ಸ್ವೆಟರ್, ಬೂಟು ತೋರಿಸುತ್ತಾರೆ. ಎಂಟು–ಹತ್ತು ಸಾವಿರ ರೂಪಾಯಿಯೊಳಗೆ ನಮ್ಮ ಭಾಗಕ್ಕೆ ಒಪ್ಪುವಂಥದ್ದನ್ನು ಹೇಗೆ ಹೊಂದಿಸಿಕೊಳ್ಳಲಿ? ಜನವರಿಯಲ್ಲಿ ತರಬೇತಿಗೆಂದು ದೆಹಲಿಗೆ ಕಳಿಸುವ ಮಾತೂ ಇದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿರುವ ನನ್ನ ತಮ್ಮನಿಗೂ ಒಂದು ಸ್ವೆಟರ್ ಕೊಳ್ಳಬೇಕಾಗಿದೆ, ಎಂಥದ್ದು ಒಳ್ಳೆಯದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಬೆಳಿಗ್ಗೆ ಚಳಿ, ಹಗಲು ಏಸಿ, ಮಧ್ಯಾಹ್ನ ಬೆವರು ಎಂದು ನೀವು ಬರೆದಿರುವುದು ಒಂದೇ ದಿನದ ಮೂರು ಹವೆಗಳನ್ನು. ಡಿಸೆಂಬರ್ ಮತ್ತು ಜನವರಿಯಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರೂ ಕಡೆ ನಸುಕಿನ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ 30 ಡಿಗ್ರಿ ಮುಟ್ಟುವುದು ಇಲ್ಲಿ ವಿಶೇಷವೇನಲ್ಲ. ದಪ್ಪ ಬಟ್ಟೆಯೊಂದನ್ನು ಬೆಳಿಗ್ಗೆ ತೊಟ್ಟು ಸಂಜೆ ಬಿಚ್ಚುವ ಪದ್ಧತಿ ಇಡೀ ದಿನ ತಣ್ಣಗಿರುವ ಊರಿನದು. ನಮಗೆ ಬೇಕಾದದ್ದು ಹತ್ತು ಗಂಟೆಗೆ ತೆಗೆದು ಕುರ್ಚಿಯ ಬೆನ್ನಿಗೆ ಹಾಕಬಹುದಾದ, ಹನ್ನೊಂದಕ್ಕೆ ಏಸಿ ಕೊರೆಯತೊಡಗಿದಾಗ ಮತ್ತೆ ತೊಡಬಹುದಾದ, ಊಟದ ಹೊತ್ತಿಗೆ ಮಡಚಿ ಚೀಲಕ್ಕೆ ಸೇರಿಸಬಹುದಾದ ತೆಳು ಪದರಗಳು. ಆದ್ದರಿಂದ ನಿಮ್ಮ ಸಂಗ್ರಹದಲ್ಲಿ ಮಾಗಿಗೆಂದೇ ಇರಬೇಕಾದದ್ದು ಕಳಚಬಹುದಾದ ಮೇಲ್ಪದರ ಮಾತ್ರ. ಅದರ ಒಳಗಿನದೆಲ್ಲವೂ ವರ್ಷಪೂರ್ತಿ ನಡೆಯುವ ಬಟ್ಟೆಯೇ ಆಗಿರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ತೀರ್ಮಾನವನ್ನು ಹಿಡಿದೇ ಹೊರಡುತ್ತದೆ.

ಕೆಲವೇ ಉಡುಪುಗಳನ್ನು ಪರಸ್ಪರ ಜೋಡಿಸಿ ಉಡುವ, ನೀವು ಹೇಳಿದ ಕ್ಯಾಪ್ಸೂಲ್ ವಾರ್ಡ್‌ರೋಬಿನ ಈ ವಿಚಾರವನ್ನು 1970ರ ದಶಕದಲ್ಲಿ ಲಂಡನ್ನಿನ ಉಡುಪಿನಂಗಡಿಯೊಂದರ ಒಡತಿ ಸೂಸಿ ಫಾ ಬಳಕೆಗೆ ತಂದರು; 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡಾನಾ ಕರನ್ ಏಳು ಉಡುಪುಗಳ ಸಂಗ್ರಹವೊಂದನ್ನು ಮುಂದಿಟ್ಟು ದುಡಿಯುವ ಹೆಂಗಸರ ನಡುವೆ ಅದನ್ನು ಜನಪ್ರಿಯಗೊಳಿಸಿದರು. ಲಂಡನ್ನಿಗೂ ನ್ಯೂಯಾರ್ಕಿಗೂ ಉಣ್ಣೆಯ ಕೋಟು ಅನಿವಾರ್ಯ, ಹಾಗಾಗಿ ಅವರ ಪಟ್ಟಿಯಲ್ಲಿ ಅದು ಬಂದಿತು. ನಾವು ತೆಗೆದುಕೊಳ್ಳಬೇಕಾದದ್ದು ಜೋಡಣೆಯ ಲೆಕ್ಕವನ್ನೇ ಹೊರತು ಆ ಪಟ್ಟಿಯನ್ನಲ್ಲ. ನೀವು ನೋಡಿದ ವಿಡಿಯೊಗಳು ಪಟ್ಟಿಯನ್ನು ಕೊಡುತ್ತವೆ, ಏಕೆಂದರೆ ಪಟ್ಟಿಯಲ್ಲಿರುವುದನ್ನು ಮಾರಬಹುದು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಒಂದು ಭಾನುವಾರ ಕಪಾಟಿನಲ್ಲಿರುವ ಕಚೇರಿಯ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಕಳೆದ ಮಾಗಿಯಲ್ಲಿ ನಿಜವಾಗಿ ಉಟ್ಟದ್ದನ್ನು ಬಲಕ್ಕೂ ಉಡದೆ ಬಿಟ್ಟದ್ದನ್ನು ಎಡಕ್ಕೂ ಇಡಿ. ಬಲಗಡೆಯ ರಾಶಿಯಲ್ಲಿ ಮತ್ತೆ ಮತ್ತೆ ಕಾಣುವ ಎರಡು ಬಣ್ಣಗಳೇ ನಿಮ್ಮ ಮೂಲ ಬಣ್ಣಗಳು. ಪುಸ್ತಕ ನೋಡಿ ಬೇರೆ ಬಣ್ಣ ಆರಿಸಬೇಕಾಗಿಲ್ಲ. ನನ್ನಲ್ಲಿಗೆ ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಈ ಪರೀಕ್ಷೆಯ ನಂತರ ತಿಳಿಯುವುದೇನೆಂದರೆ, ಅವರಿಗೆ ಕುರ್ತಾಗಳ ಕೊರತೆಯಿಲ್ಲ, ಪ್ಯಾಂಟುಗಳ ಕೊರತೆಯಿಲ್ಲ, ಎಲ್ಲದರ ಮೇಲೂ ಒಪ್ಪುವ ಒಂದು ಮೇಲುಡುಪಿನ ಕೊರತೆಯಿದೆ. ನಿಮ್ಮ ಸ್ಥಿತಿಯೂ ಅದೇ ಇರಬಹುದೆಂದು ನನ್ನ ಊಹೆ. ಹಾಗಿದ್ದರೆ ನಿಮ್ಮ ಹಣದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟನ್ನು ಎರಡು ಮೇಲುಡುಪುಗಳ ಮೇಲೆಯೇ ಹಾಕಿರಿ: ಒಂದು ನೇಯ್ದ ಬಟ್ಟೆಯ ಜಾಕೆಟ್, ಇನ್ನೊಂದು ಹೆಣೆದ ತೆಳು ಕಾರ್ಡಿಗನ್, ಎಂದರೆ ಮುಂದೆ ತೆರೆಯುವ ಗುಂಡಿಯ ಸ್ವೆಟರ್.

ಎರಡೂ ಏಕೆ ಬೇಕು ಎಂಬುದನ್ನು ಸ್ವಲ್ಪ ವಿವರಿಸಬೇಕು. ಬಟ್ಟೆ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ನಿಂತ ಗಾಳಿ ಮೈಯ ಬಿಸಿಯನ್ನು ಹೊರಹೋಗದಂತೆ ತಡೆಯುತ್ತದೆ. ಹೆಣೆದ ಸ್ವೆಟರಿನಲ್ಲಿ ಕೊಂಡಿ ಕೊಂಡಿಯಾಗಿ ಇಂಥ ಗಾಳಿ ಬಹಳ ನಿಲ್ಲುತ್ತದೆಯಾದ್ದರಿಂದ ಕೋಣೆಯೊಳಗೆ ಅದು ಬೆಚ್ಚಗೆ. ಆದರೆ ಗಾಜು ಪೂರ್ತಿ ಮುಚ್ಚದ ಬಸ್ಸಿನ ಕಿಟಕಿಯ ಪಕ್ಕ ಕುಳಿತಾಗ ಹೊರಗಿನ ಗಾಳಿ ಆ ಕೊಂಡಿಗಳ ಮೂಲಕವೇ ನುಗ್ಗಿ ಒಳಗೆ ನಿಂತ ಗಾಳಿಯನ್ನು ಕದಡುತ್ತದೆ, ದಪ್ಪ ಸ್ವೆಟರ್ ತೊಟ್ಟರೂ ಎದೆಗೆ ಚಳಿ ತಟ್ಟುತ್ತದೆ. ಒತ್ತಾಗಿ ನೇಯ್ದ ಬಟ್ಟೆ ಅಷ್ಟು ಬೆಚ್ಚಗಿಲ್ಲದಿದ್ದರೂ ಗಾಳಿಯನ್ನು ತಡೆಯುತ್ತದೆ. ಎಂದರೆ ಬಸ್ಸಿಗೆ ನೇಯ್ದದ್ದು, ಏಸಿಗೆ ಹೆಣೆದದ್ದು, ತೀರಾ ಚಳಿಯ ಬೆಳಿಗ್ಗೆ ಒಂದರ ಮೇಲೊಂದು. ತೆಳುವಾದ ಇವೆರಡನ್ನು ಸೇರಿಸಿ ತೊಟ್ಟರೆ ಸಿಗುವ ಬೆಚ್ಚಗೆ ಒಂದು ದಪ್ಪ ಸ್ವೆಟರಿನಿಂದ ಸಿಗುವುದಿಲ್ಲ, ಮತ್ತು ಆ ದಪ್ಪ ಸ್ವೆಟರನ್ನು ಮಧ್ಯಾಹ್ನ ಎಲ್ಲಿಡುವುದೆಂಬ ತೊಂದರೆಯೂ ಇರುವುದಿಲ್ಲ.

ಜಾಕೆಟ್ಟಿಗೆ ನಾನು ಸೂಚಿಸುವುದು ಡೆನಿಮ್. ಜೀನ್ಸ್ ಹೊಲಿಯುವ ಊರಾದ ಬಳ್ಳಾರಿಯಲ್ಲಿ ಬಟ್ಟೆಯ ಕಸುಬು ಮಾಡುವ ನಾನು ಡೆನಿಮ್ಮಿನ ಪಕ್ಷ ವಹಿಸುವುದು ಸಹಜವೆಂದು ನೀವು ನಗಬಹುದು; ಕಾರಣ ಕೇಳಿ. ಒತ್ತಾದ ಓರೆ ನೇಯ್ಗೆಯ ಹತ್ತಿ ಬಟ್ಟೆಯಾದ್ದರಿಂದ ಅದು ಗಾಳಿಯನ್ನು ತಡೆಯುತ್ತದೆ, ಮೈಗೆ ಚುಚ್ಚುವುದಿಲ್ಲ, ಮನೆಯಲ್ಲೇ ಒಗೆಯಬಹುದು, ವರ್ಷಗಳ ಕಾಲ ಬಾಳುತ್ತದೆ. ಕಚೇರಿಗೆ ಒಪ್ಪುವುದಿಲ್ಲವೆಂಬ ಆಕ್ಷೇಪಕ್ಕೆ ಕಾರಣ ಬಟ್ಟೆಯಲ್ಲ, ಅದರ ಮೇಲಿನ ಅಲಂಕಾರ: ಉಜ್ಜಿ ಬಿಳುಪಾಗಿಸಿದ ತೇಪೆಗಳು, ಹಳದಿ ದಾರದ ಜೋಡಿ ಹೊಲಿಗೆ, ತಾಮ್ರದ ಗುಂಡಿ, ಎದೆಯ ಮೇಲೆ ಎರಡು ಜೇಬು. ಇವನ್ನೆಲ್ಲ ಬಿಟ್ಟು, ಕಡು ನೀಲಿಯ ಸಾದಾ ಡೆನಿಮ್ಮಿನಲ್ಲಿ, ಬಟ್ಟೆಯದೇ ಬಣ್ಣದ ದಾರದಿಂದ, ಕುತ್ತಿಗೆಗೆ ಗಿಡ್ಡ ನಿಂತ ಪಟ್ಟಿಯಿಟ್ಟು ಬಂದ್‌ಗಲಾ ಕೋಟಿನಂತೆ ಹೊಲಿಸಿದರೆ ಯಾವ ವ್ಯವಸ್ಥಾಪಕರೂ ಅದನ್ನು ಕಾಲೇಜಿನ ಹುಡುಗರ ಉಡುಪೆಂದು ಹೇಳಲಾರರು. ಬಟ್ಟೆಯ ತೂಕವನ್ನು ಅಂಗಡಿಯಲ್ಲಿ ಚದರ ಗಜಕ್ಕೆ ಇಷ್ಟು ಔನ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಪ್ಯಾಂಟಿಗೆ ಬಳಸುವ 12–14 ಔನ್ಸಿನದು ನಿಮಗೆ ಭಾರವಾಗುತ್ತದೆ, ಭುಜ ನೋಯುತ್ತದೆ. 8 ಔನ್ಸಿನ ಆಸುಪಾಸಿನದನ್ನು, ಎಂದರೆ ಚದರ ಮೀಟರಿಗೆ ಸುಮಾರು 270 ಗ್ರಾಂ ತೂಗುವುದನ್ನು ಕೇಳಿರಿ. ಹೊಲಿಸುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತದಲ್ಲಿಯೇ ತೋಳು ಗಿಡ್ಡವಾಗುತ್ತದೆ. ನೀಲಿ ಬಣ್ಣವು ದಾರದ ಒಳಗಿನವರೆಗೆ ಇಳಿಯದೆ ಹೊರಮೈಯಲ್ಲಿಯೇ ನಿಲ್ಲುವುದರಿಂದ ಹೊಸ ಡೆನಿಮ್ ಉಜ್ಜಿದಲ್ಲೆಲ್ಲ ಬಣ್ಣ ಬಿಡುತ್ತದೆ. ಮೊದಲ ನಾಲ್ಕಾರು ಒಗೆತದವರೆಗೆ ಅದನ್ನು ಬಿಳಿ ಅಥವಾ ತಿಳಿ ಬಣ್ಣದ ಕುರ್ತಾದ ಮೇಲೆ ತೊಡಬೇಡಿ.

ಅಳತೆಯ ವಿಷಯದಲ್ಲಿ ಎರಡು ಮಾತನ್ನು ದರ್ಜಿಗೆ ಒತ್ತಿ ಹೇಳಬೇಕು. ಮೊದಲನೆಯದು ಬಗಲಿನ ಸುತ್ತಳತೆ. ಒಳಗೆ ಕುರ್ತಾದ ತೋಳು ಮತ್ತು ಕಾರ್ಡಿಗನ್ನಿನ ತೋಳು ಎರಡೂ ಹೋಗಬೇಕಾದ್ದರಿಂದ ಜಾಕೆಟ್ಟಿನ ಬಗಲು ನಿಮ್ಮ ಕುರ್ತಾದ ಬಗಲಿಗಿಂತ ಒಂದೂವರೆಯಿಂದ ಎರಡು ಇಂಚು ಹೆಚ್ಚಿರಲಿ. ಮೈ ಅಳತೆಯನ್ನು ಕಾರ್ಡಿಗನ್ ತೊಟ್ಟುಕೊಂಡೇ ಕೊಡಿ. ಎರಡನೆಯದು ಉದ್ದ. ಕುರ್ತಾದ ಪಕ್ಕದ ಸೀಳು ಶುರುವಾಗುವಲ್ಲಿಗೆ ಜಾಕೆಟ್ಟಿನ ಅಂಚು ಬಂದು ನಿಂತರೆ ಕುಳಿತಾಗ ಎರಡೂ ಸೇರಿ ಹೊಟ್ಟೆಯ ಬಳಿ ಗುಪ್ಪೆಯಾಗುತ್ತವೆ. ಸೀಳಿಗಿಂತ ಎರಡು ಬೆರಳು ಮೇಲೆ, ಸೊಂಟದ ಮೂಳೆಯ ಬಳಿಗೆ ಅದು ಮುಗಿದರೆ ಕುರ್ತಾದ ಮೇಲೂ ಅಂಗಿಯ ಮೇಲೂ ಸೀರೆಯ ಮೇಲೂ ಒಪ್ಪುತ್ತದೆ. ಒಳಮೈಗೆ ತೆಳು ಹತ್ತಿಯ ಅಸ್ತರು ಹಾಕಿಸಿರಿ. ಪಾಲಿಯೆಸ್ಟರ್ ಸ್ಯಾಟಿನ್ನಿನ ಅಸ್ತರು ತೋಳು ಜಾರುವುದಕ್ಕೆ ಅನುಕೂಲವೇನೋ ಹೌದು, ಆದರೆ ಮಧ್ಯಾಹ್ನದ ಬೆವರಿಗೆ ಅದು ಶತ್ರು. ತೋಳಿಗೆ ಮಾತ್ರ ಸ್ಯಾಟಿನ್, ಮೈಗೆ ಹತ್ತಿ ಎಂಬ ನಡುದಾರಿಯೂ ಉಂಟು. ಒಳಗಡೆ ಒಂದು ಜೇಬು ಕೇಳಿ ಪಡೆಯಿರಿ. ಹೆಂಗಸರ ಜಾಕೆಟ್ಟಿಗೆ ಜೇಬಿಡುವುದನ್ನು ದರ್ಜಿಗಳು ಮರೆಯುತ್ತಾರೆ, ಬಸ್ಸಿನ ಪಾಸು ಇಡಲು ನಿಮಗದು ಬೇಕೇ ಬೇಕು.

ಇನ್ನು ಕಾರ್ಡಿಗನ್. ಮಾಗಿಯಲ್ಲಿ ಪೇಟೆಯ ರಸ್ತೆಬದಿಗೆ ಬಂದು ಕೂರುವ ಸ್ವೆಟರ್ ವ್ಯಾಪಾರಿಗಳ ಬಳಿಯಾಗಲಿ, ದೊಡ್ಡ ಅಂಗಡಿಯಲ್ಲಾಗಲಿ, ಕಡಿಮೆ ಬೆಲೆಗೆ ಸಿಗುವ ಸ್ವೆಟರುಗಳಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ಎಳೆಯವು, ಬಹಳಷ್ಟು ಲುಧಿಯಾನಾದಿಂದ ಬರುವಂಥವು. ‘ಉಲನ್’ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಉಣ್ಣೆ ಎಂಬುದನ್ನು ಕತ್ತಿನ ಒಳಗಿನ ಚೀಟಿಯೇ ಹೇಳಬೇಕು. ಚೀಟಿ ಇಲ್ಲದಿದ್ದರೆ ಒಳ ಹೊಲಿಗೆಯಿಂದ ಒಂದೆಳೆ ದಾರ ಕೇಳಿ ಪಡೆದು ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ನಾತ ಬಂದು ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ, ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ, ತಣಿದ ಮೇಲೆ ಗಟ್ಟಿ ಗುಂಡಾಗಿ ಉಳಿಯುತ್ತದೆ. ಅಕ್ರಿಲಿಕ್ಕಿನ ಮೇಲೆ ನನಗೆ ದ್ವೇಷವಿಲ್ಲ. ಅಗ್ಗ, ಹಗುರ, ಹುಳು ತಿನ್ನುವುದಿಲ್ಲ. ನಮ್ಮ ಭಾಗದಲ್ಲಿ ಅದರ ತೊಂದರೆ ಬೇರೆ: ಹತ್ತಿ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡ 8ರಷ್ಟು, ಉಣ್ಣೆ ಶೇಕಡ 16ರಷ್ಟು ತೇವವನ್ನು ಹೀರಿ ಇಟ್ಟುಕೊಳ್ಳುತ್ತವೆ, ಅಕ್ರಿಲಿಕ್ಕಿನಲ್ಲಿ ಅದು ಶೇಕಡ 1–2, ಪಾಲಿಯೆಸ್ಟರಿನಲ್ಲಿ ಶೇಕಡ ಅರ್ಧಕ್ಕೂ ಕಡಿಮೆ. ತೇವವಿಲ್ಲದ ಎಳೆಯಲ್ಲಿ ವಿದ್ಯುತ್ ಕಣ ಹರಿದುಹೋಗದೆ ನಿಲ್ಲುತ್ತದೆ. ರಾಯಚೂರಿನ ಮಾಗಿಯ ಗಾಳಿ ಒಣಗಾಳಿ. ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುವುದು, ಕೂದಲು ಎದ್ದು ನಿಲ್ಲುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಾರಾಡುವ ಧೂಳನ್ನೂ ಹತ್ತಿಯ ನವಿರನ್ನೂ ಅದು ಸೆಳೆದು ಅಂಟಿಸಿಕೊಳ್ಳುವುದು ಇದೇ ಕಾರಣಕ್ಕೆ. ಹತ್ತಿಯ ಮಾರುಕಟ್ಟೆ ಭರದಲ್ಲಿರುವ ಇದೇ ತಿಂಗಳುಗಳಲ್ಲಿ ಕಪ್ಪು ಅಕ್ರಿಲಿಕ್ ಸ್ವೆಟರ್ ತೊಟ್ಟು ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ನಿಮ್ಮ ಕಾರ್ಡಿಗನ್ ಹತ್ತಿಯ ಹೆಣಿಗೆಯದಾಗಿರಲಿ, ಇಲ್ಲವೆ ಹತ್ತಿಗೆ ಉಣ್ಣೆ ಬೆರೆತದ್ದಾಗಿರಲಿ. ಪೂರ್ತಿ ಉಣ್ಣೆಯದು ಬೇಕೆಂದರೆ ಮೆರಿನೊ ಎಂಬ ನವಿರು ಉಣ್ಣೆಯ ತೆಳು ಕಾರ್ಡಿಗನ್ ಬಹಳ ಒಳ್ಳೆಯದು, ಆದರೆ ನಿಮ್ಮ ಹಣದ ದೊಡ್ಡ ಪಾಲನ್ನು ಅದೊಂದೇ ನುಂಗುತ್ತದೆ. ಮುಂದೆ ಪೂರ್ತಿ ತೆರೆಯುವ, ಗುಂಡಿಗಳಿರುವ, ಕಾಲರಿಲ್ಲದ ಕುತ್ತಿಗೆಯದನ್ನೇ ಆರಿಸಿ. ತಲೆಯಿಂದ ತೊಡುವ ಸ್ವೆಟರನ್ನು ದಿನಕ್ಕೆ ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ಜಡೆಯೂ ಕಿವಿಯೋಲೆಯೂ ಕೈಕೊಡುತ್ತವೆ. ಕತ್ತು ಮುಚ್ಚುವ ಸ್ವೆಟರ್ ಇಲ್ಲಿ ಬೇಡವೇ ಬೇಡ.

ನಮ್ಮದೇ ಕಂಬಳಿಯಿಂದ ಜಾಕೆಟ್ ಹೊಲಿಸಬಾರದೇ ಎಂದು ಹಲವರು ಕೇಳುತ್ತಾರೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಕುರುಬರು ನೇಯುವ ಕಂಬಳಿಗೆ ಬಳಕೆಯಾಗುವುದು ಡೆಕ್ಕನಿ ಮತ್ತು ಬಳ್ಳಾರಿ ತಳಿಯಂಥ ಕುರಿಗಳ ಒರಟು ಉಣ್ಣೆ. ಸುಮಾರು 30 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಚುಚ್ಚುತ್ತದೆ. ನವಿರಾದ ಮೆರಿನೊ 20 ಮೈಕ್ರಾನಿನ ಆಸುಪಾಸಿನದಾದ್ದರಿಂದ ಬಾಗುತ್ತದೆ, ಹಾಗಾಗಿ ಚುಚ್ಚುವುದಿಲ್ಲ. ಕಂಬಳಿಯ ಗುಣವೆಲ್ಲ ಆ ಒರಟುತನದಲ್ಲಿಯೇ ಇದೆ, ಹೊಲದಲ್ಲಿ ಮಳೆಗೂ ಚಳಿಗೂ ಅದು ತಡೆದು ನಿಲ್ಲುವುದು ಅದರಿಂದಲೇ. ದಪ್ಪ ಅಸ್ತರು ಹಾಕಿಸಿ ತೋಳಿಲ್ಲದ ಜಾಕೆಟ್ ಮಾಡಿಸಿಕೊಂಡವರನ್ನು ಕಂಡಿದ್ದೇನೆ, ನೋಡಲು ಸೊಗಸಾಗಿಯೇ ಇತ್ತು. ಏಸಿಯ ಕೋಣೆಯಲ್ಲಿ ಎಂಟು ತಾಸು ಕುಳಿತು ಲೆಕ್ಕ ಬರೆಯುವವರಿಗೆ ಮಾತ್ರ ನಾನು ಅದನ್ನು ಹೇಳಲಾರೆ.

ಏಸಿಯ ವಿಷಯ ಬಂದದ್ದರಿಂದ ಬಟ್ಟೆಗೆ ನೇರವಾಗಿ ಸೇರದ ಒಂದು ಮಾತು. ಸ್ಟಾರ್ ಗುರುತಿನ ಕೋಣೆಯ ಏಸಿಗಳು ಚಾಲೂ ಆದಾಗ 24 ಡಿಗ್ರಿಯಲ್ಲಿಯೇ ಇರುವಂತೆ ತಯಾರಿಸಬೇಕೆಂಬ ನಿಯಮ 2020ರ ಜನವರಿ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಅದನ್ನು 18ಕ್ಕೆ ಇಳಿಸುವುದು ಬಿಸಿಲಿನಿಂದ ಒಳಬಂದ ಯಾರದೋ ಕೈ. ಜನವರಿಯಲ್ಲಿ ಅದನ್ನು 24ರಲ್ಲೇ ಬಿಡಲು, ಗಾಳಿಯ ರೆಕ್ಕೆಯನ್ನು ನಿಮ್ಮ ತಲೆಯ ಮೇಲಿಂದ ಛಾವಣಿಯತ್ತ ತಿರುಗಿಸಲು ಕೇಳಿಕೊಳ್ಳಿ. ಕುಳಿತೇ ಕೆಲಸ ಮಾಡುವವರ ಮೈ ಓಡಾಡುವವರ ಮೈಯಷ್ಟು ಬಿಸಿಯನ್ನು ಹುಟ್ಟಿಸುವುದಿಲ್ಲ, ಆದ್ದರಿಂದ ಕೌಂಟರಿನ ಆಚೆ ನಿಂತ ಗ್ರಾಹಕರಿಗೆ ಹಿತವಾದದ್ದು ಈಚೆ ಕುಳಿತ ನಿಮಗೆ ಕೊರೆಯುತ್ತದೆ. ಇಂಥಲ್ಲಿ ಮೊದಲು ತಣ್ಣಗಾಗುವುದು ಕತ್ತು, ಬೆರಳು, ಪಾದ. ಹತ್ತಿಯದೋ ಖಾದಿಯದೋ ಅಗಲವಾದ ಒಂದು ಸ್ಟೋಲ್ ಕುತ್ತಿಗೆಗೆ ಎರಡು ಸುತ್ತು ಬಂದರೆ ಮತ್ತು ಪಾದಕ್ಕೆ ತೆಳು ಕಾಲುಚೀಲವಿದ್ದರೆ, ಕಾರ್ಡಿಗನ್ನನ್ನು ಅರ್ಧ ದಿನ ತೊಡದೆಯೇ ಇರಬಹುದು. ಆ ಸ್ಟೋಲೇ ಬಸ್ಸಿನಲ್ಲಿ ತಲೆಗೂ ಕಿವಿಗೂ ಆಗುತ್ತದೆ.

ಈಗ ಬಣ್ಣ. ಎರಡು ಮೇಲುಡುಪುಗಳು ಕಪ್ಪಾಗಿರುವುದು ಬೇಡ. ಕಪ್ಪು ಎಲ್ಲದಕ್ಕೂ ಒಪ್ಪುತ್ತದೆಂಬ ಮಾತು ಧೂಳಿಲ್ಲದ ಊರಿನದು. ಸಂಡೂರಿನ ಕಡೆ ಅದಿರಿನ ಕೆಂಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಸುತ್ತ ಹಾರುಬೂದಿ, ಉಳಿದೆಡೆ ಎರೆಮಣ್ಣಿನ ಹುಡಿ. ಕಪ್ಪು ಬಟ್ಟೆ ಇವೆಲ್ಲವನ್ನೂ ಎತ್ತಿ ತೋರಿಸುತ್ತದೆ, ಬಿಳಿ ಬಟ್ಟೆ ಒಂದೇ ಬಸ್ಸಿಗೆ ಸೋಲುತ್ತದೆ. ಕಡು ನೀಲಿ, ಹೊಗೆಬೂದು, ಅಡಿಕೆಗಂದು ಇಂಥ ನಡುವಿನ ಬಣ್ಣಗಳು ಧೂಳನ್ನು ಅಡಗಿಸಿಕೊಳ್ಳುತ್ತವೆ. ಜಾಕೆಟ್ ಕಡು ನೀಲಿಯದಾದ ಮೇಲೆ ಕಾರ್ಡಿಗನ್ ಹೊಗೆಬೂದಾಗಿರಲಿ, ಇಲ್ಲವೆ ಒಣ ಹುಲ್ಲಿನಂಥ ತಿಳಿಗಂದಾಗಿರಲಿ. ಒಳಗಿನ ಕುರ್ತಾಗಳಿಗೆ ನೀವು ಇಷ್ಟಪಡುವ ದಾಳಿಂಬೆಗೆಂಪು, ನವಿಲುನೀಲಿ, ಸಾಸಿವೆ ಹಳದಿ ಎಲ್ಲವೂ ಆಗುತ್ತವೆ. ಮೇಲಿನೆರಡು ಸೌಮ್ಯವಾದಷ್ಟೂ ಒಳಗಿನವು ಹಾಡಬಹುದು.

ಲೆಕ್ಕ ಹೀಗಿದೆ. ಐದು ಕುರ್ತಾ ಅಥವಾ ಅಂಗಿ, ಮೂರು ಪ್ಯಾಂಟು ಎಂದರೆ ಹದಿನೈದು ಜೋಡಿ. ಪ್ರತಿ ಜೋಡಿಯನ್ನು ಜಾಕೆಟ್ಟಿನೊಡನೆ, ಕಾರ್ಡಿಗನ್ನಿನೊಡನೆ, ಎರಡೂ ಇಲ್ಲದೆ ಎಂದು ಎಣಿಸಿದರೆ ನಲವತ್ತೈದು. ಇದು ಕಾಗದದ ಮೇಲಿನ ಲೆಕ್ಕ. ಬಣ್ಣ ಒಪ್ಪದ್ದನ್ನು, ಉದ್ದ ಒಪ್ಪದ್ದನ್ನು ಬಿಟ್ಟರೆ ಅದರಲ್ಲಿ ಅರ್ಧ ಉಳಿದರೂ ಒಂದು ತಿಂಗಳ ಕೆಲಸದ ದಿನಗಳಿಗೆ ಸಾಕಷ್ಟಾಯಿತು. ಉಳಿಯುವಂತೆ ನೋಡಿಕೊಳ್ಳಲು ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಹೊಸದಾಗಿ ಬರುವ ಯಾವ ಕುರ್ತಾವೂ ಮನೆಯಲ್ಲಿ ಆಗಲೇ ಇರುವ ಎರಡು ಪ್ಯಾಂಟಿಗೂ ಎರಡೂ ಮೇಲುಡುಪಿಗೂ ಒಪ್ಪದಿದ್ದರೆ ಬರಕೂಡದು. ಅದಕ್ಕೊಂದು ಪ್ಯಾಂಟು, ಆ ಪ್ಯಾಂಟಿಗೊಂದು ವೇಲು ಎಂದು ಕೊಳ್ಳುತ್ತ ಹೋಗುವುದರಿಂದಲೇ ಕಪಾಟು ತುಂಬಿ, ಉಡಲು ಬಟ್ಟೆಯಿಲ್ಲವೆಂಬ ದೂರು ಹುಟ್ಟುವುದು. ಕುರ್ತಾಗಳು ಹತ್ತಿಯವಾಗಿರಲಿ, ಎರಡಾದರೂ ಖಾದಿಯವಾಗಿರಲಿ. ಕೈನೂಲಿನ ಏರಿಳಿತದಿಂದ ಖಾದಿಯಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ, ಅದಕ್ಕೇ ಅದು ಎರಡೂ ಕಾಲಕ್ಕೆ ಸಲ್ಲುತ್ತದೆ. ಪ್ಯಾಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ನೇರ ಕಾಲಿನವು, ಒಂದು ಕಡು ನೀಲಿ, ಒಂದು ಬೂದು, ಒಂದು ನಿಮ್ಮ ಇಷ್ಟದ್ದು. ಮೈಗಂಟುವ ಲೆಗ್ಗಿಂಗ್ಸ್ ಚಳಿಯನ್ನು ತಡೆಯುವುದಿಲ್ಲ. ಪಾದರಕ್ಷೆಗೆ ಮುಂಭಾಗ ಮುಚ್ಚಿದ, ಹಿಮ್ಮಡಿ ತಗ್ಗಿನ ಚರ್ಮದ್ದೊಂದು ಸಾಕು; ಬೂಟು ಬೇಡ.

ಸೀರೆಯ ಎರಡು ದಿನಗಳಿಗೆ ಬೇರೆಯೇ ಬಗೆಯ ಯೋಚನೆ ಬೇಕು, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಸೀರೆಯ ಮೇಲೆ ಸ್ವೆಟರ್ ತೊಟ್ಟರೆ ಭುಜದ ಮೇಲಿನ ಸೆರಗಿನ ನಿರಿಗೆ ಮುದುಡುತ್ತದೆ, ಪಿನ್ನು ಸ್ವೆಟರಿನ ಎಳೆಗೆ ಸಿಕ್ಕಿ ಜಗ್ಗುತ್ತದೆ, ಸೀರೆಯ ಚೆಲುವೂ ಹೋಗುತ್ತದೆ. ಇದಕ್ಕೆ ಮದ್ದು ಮೇಲೆ ಹೊದೆಯುವುದರಲ್ಲಿಲ್ಲ, ಒಳಗಿನ ಕುಪ್ಪಸದಲ್ಲಿದೆ. ಮೊಣಕೈ ದಾಟಿ ಮುಕ್ಕಾಲು ತೋಳು ಬರುವ, ಕತ್ತು ಹಿಂದೆಯೂ ಮುಂದೆಯೂ ಮೇಲಿರುವ, ಉದ್ದ ಸೊಂಟದವರೆಗೆ ಇಳಿಯುವ ಎರಡು ಕುಪ್ಪಸ ಹೊಲಿಸಿರಿ. ಪೂರ್ತಿ ತೋಳು ಇನ್ನೂ ಬೆಚ್ಚಗೆ, ಆದರೆ ಬ್ಯಾಂಕಿನ ಮೇಜಿನ ಮೇಲೆ ಮುಂಗೈ ಅಂಚಿಗೆ ಮೊಹರಿನ ಶಾಯಿ ಹತ್ತಿದ ಮೇಲೆ ಬಿಡುವುದಿಲ್ಲ. ಬಟ್ಟೆಗೆ ಗುಳೇದಗುಡ್ಡದ ಖಣಕ್ಕಿಂತ ಒಪ್ಪುವುದು ಇನ್ನೊಂದಿಲ್ಲ: ಒತ್ತು ನೇಯ್ಗೆ, ಚಿಕ್ಕ ಚಿಕ್ಕ ಹೂ, ಯಾವ ಸಾದಾ ಸೀರೆಗಾದರೂ ಕೂಡುವ ಬಣ್ಣ. ಸಾಂಪ್ರದಾಯಿಕ ಖಣದ ಪನ್ನ, ಎಂದರೆ ಅಗಲ, ಕಡಿಮೆಯಾದ್ದರಿಂದ ಉದ್ದ ತೋಳಿಗೆ ಒಂದೇ ತುಂಡು ಸಾಲದೆ ಬರಬಹುದು. ಅಂಗಡಿಯಲ್ಲಿಯೇ ದರ್ಜಿಯ ಅಳತೆ ಹೇಳಿ ಕೇಳಿಕೊಳ್ಳಿ. ಒಳಗೆ ಹತ್ತಿಯ ಅಸ್ತರು ಹಾಕಿದ ಖಣದ ಕುಪ್ಪಸ ತೆಳು ಸ್ವೆಟರಿನಷ್ಟೇ ಕೆಲಸ ಮಾಡುತ್ತದೆ.

ಸೀರೆಯೂ ಹತ್ತಿಯ ಮೈಯ ಇಳಕಲ್ಲಾದರೆ ಒಳ್ಳೆಯದು. ಕುಷ್ಟಗಿಯಿಂದ ಇಳಕಲ್ ದೂರವೇನಲ್ಲ, ನಮ್ಮ ಮೂರೂ ಜಿಲ್ಲೆಗಳ ಅಂಗಡಿಗಳಲ್ಲಿ ಅದು ಸಿಗುತ್ತದೆ. ಮೈಯ ಹಾಸನ್ನೂ (ಮಗ್ಗದ ಉದ್ದನೆಯ ಎಳೆಗಳನ್ನು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿ ನೇಯುವ ಸೀರೆಯದು, ಹಾಗಾಗಿ ಮೈ ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿ ತುಸು ತೂಕವಾಗಿರುತ್ತದೆ. ಏಸಿಯ ಕೆಳಗೆ ಕುಳಿತಾಗ ಆ ಸೆರಗನ್ನು ಬೆನ್ನಿನಿಂದ ತಂದು ಬಲಭುಜದ ಮೇಲೆ ಹೊದ್ದರೆ ಅದೇ ಶಾಲು. ಬಸ್ಸಿನ ಹೊತ್ತಿಗೆ ಮಾತ್ರ ಜಾಕೆಟ್ ಬೇಕು, ಆಗ ಸೆರಗನ್ನು ಒಳಗೇ ಬಿಟ್ಟು ಮೇಲೆ ಜಾಕೆಟ್ ತೊಡಿ. ಕಚೇರಿ ತಲುಪಿದ ಮೇಲೆ ತೆಗೆದರೆ ಸೆರಗು ಕೆಟ್ಟಿರುವುದಿಲ್ಲ, ಏಕೆಂದರೆ ಡೆನಿಮ್ಮಿನ ಒಳಮೈಗೆ ಅಸ್ತರಿದೆ. ಒಳಗಿನ ಪರಕರ ಹತ್ತಿಯದೇ ಇರಲಿ. ಸ್ಯಾಟಿನ್ ಪರಕರ ಈ ಒಣಹವೆಯಲ್ಲಿ ಸೀರೆಯನ್ನು ಕಾಲಿಗೆ ಅಂಟಿಸಿಬಿಡುತ್ತದೆ.

ಹಣದ ಹಂಚಿಕೆಯಲ್ಲಿ, ಜಾಕೆಟ್ ಮತ್ತು ಕಾರ್ಡಿಗನ್ ಮುಗಿದ ಮೇಲೆ ಉಳಿದದ್ದನ್ನು ಕುಪ್ಪಸಗಳಿಗೆ, ಸ್ಟೋಲಿಗೆ, ಪಾದರಕ್ಷೆಗೆ ಈ ಕ್ರಮದಲ್ಲಿ ಹಾಕಿರಿ. ಕುರ್ತಾ ಕೊಳ್ಳುವುದನ್ನು ಮುಂದಿನ ವರ್ಷಕ್ಕೆ ಬಿಡಿ. ದಸರೆಯಿಂದ ದೀಪಾವಳಿಯವರೆಗೆ ದರ್ಜಿಗಳಿಗೆ ಉಸಿರಾಡಲು ಪುರಸೊತ್ತಿಲ್ಲ, ಆಗ ಕೊಟ್ಟ ಜಾಕೆಟ್ಟಿನ ಬಗಲು ನಾನು ಹೇಳಿದಂತೆ ಬರುವುದಿಲ್ಲ. ಅದಕ್ಕಿಂತ ಮುಂಚೆ, ಗಣಪತಿ ಹಬ್ಬದ ಹೊತ್ತಿಗೇ ಕೊಟ್ಟುಬಿಡುವುದು ಜಾಣತನ. ಈ ವರ್ಷ ಆ ಕಾಲ ಮೀರಿದ್ದರೆ ದೀಪಾವಳಿ ಕಳೆದ ವಾರ ಕೊಡಿ.

ಒಗೆಯುವುದು, ಎತ್ತಿಡುವುದು ಇವೆರಡರಲ್ಲಿ ಬಟ್ಟೆಯ ಆಯುಷ್ಯವಿದೆ. ನಿಮ್ಮ ಮನೆಯ ಬೋರಿನ ನೀರು ಸವುಳಾಗಿದ್ದರೆ ಸೋಪಿನ ಅಂಶ ಎಳೆಗಳಲ್ಲಿ ಉಳಿದು ಉಣ್ಣೆಯೂ ಹತ್ತಿಯ ಹೆಣಿಗೆಯೂ ಬಿರುಸಾಗುತ್ತವೆ. ಕೊನೆಯ ಒಂದು ಬಕೆಟ್ಟಾದರೂ ನಲ್ಲಿಯ ಸಿಹಿನೀರಾಗಿರಲಿ. ಕಾರ್ಡಿಗನ್ನನ್ನು ಹಿಂಡಬೇಡಿ, ಹಗ್ಗಕ್ಕೆ ತೂಗುಹಾಕಬೇಡಿ. ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹಾಸಿ ಒಣಗಿಸಿ, ಇಲ್ಲದಿದ್ದರೆ ನೀರಿನ ತೂಕಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಶಿವರಾತ್ರಿ ಕಳೆದ ಮೇಲೆ ಎಲ್ಲವನ್ನೂ ಒಗೆದೇ ಎತ್ತಿಡಬೇಕು. ಉಣ್ಣೆಯ ಹುಳು ಬೆವರು ಮತ್ತು ಊಟದ ಕಲೆಯಿರುವ ಜಾಗವನ್ನೇ ಮೊದಲು ಹಿಡಿಯುತ್ತದೆ. ಗಂಜಿ ಹಾಕಿದ ಹತ್ತಿಯನ್ನು ಬೆಳ್ಳಿಹುಳು ತಿನ್ನುತ್ತದೆ, ಆದ್ದರಿಂದ ಎತ್ತಿಡುವ ಸೀರೆಗೆ ಗಂಜಿ ಬೇಡ. ಡಾಂಬರು ಗುಳಿಗೆಯನ್ನು ಬಟ್ಟೆಗೆ ತಾಗದಂತೆ ಅರಿವೆಯಲ್ಲಿ ಕಟ್ಟಿ ಮೂಲೆಗಿಡಿ, ಜರಿಯ ಸೀರೆಯಿರುವ ಅರೆಯಲ್ಲಿ ಇಡಲೇಬೇಡಿ. ಅಕ್ರಿಲಿಕ್ಕಿಗೆ ಗುಳಿಗೆಯ ಅಗತ್ಯವಿಲ್ಲ.

ದೆಹಲಿಯ ತರಬೇತಿ ನಿಶ್ಚಯವಾದರೆ ಹೆದರಬೇಡಿ, ಇದೇ ಸಂಗ್ರಹ ಅಲ್ಲಿಗೂ ಆಗುತ್ತದೆ. ಜನವರಿಯ ದೆಹಲಿಯಲ್ಲಿ ನಸುಕಿಗೆ ಉಷ್ಣಾಂಶ ಒಂದಂಕಿಗೆ ಇಳಿಯುವುದು ಸಾಮಾನ್ಯ, ಮಂಜು ಬಿದ್ದ ದಿನ ಹಗಲೂ ಬೆಚ್ಚಗಾಗುವುದಿಲ್ಲ. ಎರಡು ಜೊತೆ ಥರ್ಮಲ್ ಒಳಉಡುಪು, ಒಂದು ಜೊತೆ ಉಣ್ಣೆಯ ಕಾಲುಚೀಲ, ಒಂದು ಟೊಪ್ಪಿಗೆ ಇಷ್ಟನ್ನು ಮಾತ್ರ ಹೊಸದಾಗಿ ಕೊಳ್ಳಿ. ಥರ್ಮಲ್, ಅದರ ಮೇಲೆ ಕುರ್ತಾ, ಕಾರ್ಡಿಗನ್, ಮೇಲೆ ಜಾಕೆಟ್, ಕತ್ತಿಗೆ ಸ್ಟೋಲ್. ಉದ್ದ ಕೋಟು ಬೇಕೇ ಬೇಕೆನಿಸಿದರೆ ಅಲ್ಲಿ ಹೋಗಿ ಬಂದ ಸಹೋದ್ಯೋಗಿಯಿಂದ ವಾರದ ಮಟ್ಟಿಗೆ ಕೇಳಿ ಪಡೆಯಿರಿ. ರಾಯಚೂರಿನಲ್ಲಿ ಥರ್ಮಲ್ ತೊಟ್ಟರೆ ಹನ್ನೊಂದು ಗಂಟೆಗೆ ಪಶ್ಚಾತ್ತಾಪ ಪಡುತ್ತೀರಿ. ಇಲ್ಲಿ ಹತ್ತಿಯ ಶಮೀಜು ಸಾಕು.

ತಮ್ಮನ ಸ್ವೆಟರಿನ ಬಗ್ಗೆ ಒಂದು ಪ್ರಶ್ನೆಯನ್ನು ಮೊದಲು ಅವನಿಗೇ ಕೇಳಿ: ಕೆಲಸ ಕಚೇರಿಯೊಳಗೋ, ಕುಲುಮೆಯ ಬಳಿಯೋ? ಕಚೇರಿಯಾದರೆ ಹೊಗೆಬೂದು ಬಣ್ಣದ, ‘ವಿ’ ಆಕಾರದ ಕುತ್ತಿಗೆಯ, ತೋಳಿಲ್ಲದ ತೆಳು ಸ್ವೆಟರ್ ಕೊಡಿಸಿ. ಅಂಗಿಯ ಮೇಲೆ ಒಪ್ಪುತ್ತದೆ, ರಾತ್ರಿ ಪಾಳಿಗೆ ಅದರ ಮೇಲೆ ಜಾಕೆಟ್ ಹಾಕಬಹುದು. ಕುಲುಮೆ, ಕಾದ ಉಕ್ಕು, ವೆಲ್ಡಿಂಗ್ ಇವುಗಳ ಹತ್ತಿರವಾದರೆ ಅಕ್ರಿಲಿಕ್ ಮತ್ತು ಪಾಲಿಯೆಸ್ಟರ್ ಒಳಗೂ ಬೇಡ, ಹೊರಗೂ ಬೇಡ. ಕಿಡಿ ತಾಗಿದರೆ ಅವು ಕರಗಿ ಚರ್ಮಕ್ಕೆ ಅಂಟಿಕೊಂಡು ಸುಟ್ಟಗಾಯವನ್ನು ಆಳ ಮಾಡುತ್ತವೆ. ಕಾರ್ಖಾನೆಯವರು ಕೊಟ್ಟ ರಕ್ಷಣಾ ಉಡುಪಿನ ಒಳಗೆ ಹತ್ತಿಯ ಬನಿಯನ್ನು, ಚಳಿ ಹೆಚ್ಚಿದ್ದರೆ ಶುದ್ಧ ಉಣ್ಣೆಯ ತೆಳು ಸ್ವೆಟರ್, ಅದನ್ನೂ ಸುರಕ್ಷತಾ ಅಧಿಕಾರಿಯನ್ನು ಕೇಳಿದ ಮೇಲೆ. ಪಾಳಿ ಮುಗಿಸಿ ಮನೆಗೆ ಬರುವಾಗ ಬೈಕಿನ ಮೇಲೆ ತೊಡಲು ಬೇರೆ ಜಾಕೆಟ್ ಇರಲಿ, ಅದು ಯಾವ ಎಳೆಯದಾದರೂ ಅಡ್ಡಿಯಿಲ್ಲ.